ಸರದಾರನ ಹುರುಳಿ ಖರ್ಚು

ಶಂಭುಲಿಂಗನ ಅನರ್ಥಕ್ಕೆಲ್ಲ ಕಾರಣವಾದದ್ದು ಒಂದು ಸಜ್ಜೆ ರೊಟ್ಟಿ. ಆ ರೊಟ್ಟಿಯನ್ನು ಅವನು ತಿಂದಿರಲಿಲ್ಲ, ಅವನ ಕುದುರೆ ತಿಂದಿತ್ತು.

ಶಂಭುಲಿಂಗನದು ಲಗ್ನದ ಸಾಮಾನು ಬಾಡಿಗೆ ಕೊಡುವ ವ್ಯಾಪಾರ. ಶಾಮಿಯಾನ, ಕುರ್ಚಿ, ಹಂಡೆ, ಕೊಳಗ, ಗಾದಿ, ಲೋಡು ಎಲ್ಲವೂ ದೇಶಪಾಂಡೆ ನಗರದ ಅಂಚಿನ ಅವನ ಅಂಗಡಿಯಲ್ಲಿ ಸಿಗುತ್ತಿದ್ದವು. ವರನ ಮೆರವಣಿಗೆಗೆಂದು ಒಂದು ಬಿಳಿ ಕುದುರೆಯನ್ನೂ ಇಟ್ಟಿದ್ದ. ಅದರ ಹೆಸರು ಸರದಾರ. ಅಂಗಡಿಯಲ್ಲಿ ಜಾಗ ಇಲ್ಲದ್ದರಿಂದ ಸರದಾರ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಮನೆಯ ಕಟ್ಟೆಯ ಮುಂದೆ ಇರುತ್ತಿದ್ದ. ಮಕ್ಕಳಿಲ್ಲದ ಮನೆ. ಶಂಭುಲಿಂಗನ ಹೆಂಡತಿ ದಾಕ್ಷಾಯಿಣಿ ಬೆಳಿಗ್ಗೆ ಎದ್ದು ಮೊದಲ ರೊಟ್ಟಿಯನ್ನು ಗಂಡನಿಗೆ ಬಡಿಯುತ್ತಿರಲಿಲ್ಲ, ಸರದಾರನಿಗೆ ಬಡಿಯುತ್ತಿದ್ದಳು.

ತೆರಿಗೆ ಕಚೇರಿಯ ಇನ್‌ಸ್ಪೆಕ್ಟರು ಶಂಭುಲಿಂಗನ ಲೆಕ್ಕ ನೋಡಲು ಮನೆಗೆ ಬಂದದ್ದು ಸರಿಯಾಗಿ ಆ ಹೊತ್ತಿಗೆ. ದಾಕ್ಷಾಯಿಣಿ ಸಜ್ಜೆ ರೊಟ್ಟಿಗೆ ಬೆಲ್ಲ ಸವರಿ, "ತಿನ್ನೋ ನನ್ನಪ್ಪಾ, ನನ್ನ ಮಗನ, ನಿನ್ನಿ ಯಾಕ ಸರಿ ಉಣ್ಣಲಿಲ್ಲೋ?" ಎಂದು ಕುದುರೆಯ ಗಲ್ಲ ಸವರುತ್ತಿದ್ದಳು. ಇನ್‌ಸ್ಪೆಕ್ಟರು ಚೀಲದಿಂದ ಡೈರಿ ತೆಗೆದರು. ನಿಂತು ನೋಡಿದರು, ಬರೆದುಕೊಂಡರು, ಕೊಟ್ಟ ಚಹಾ ಬೇಡವೆಂದು ಹೋದರು.

ಎರಡು ತಿಂಗಳಿಗೆ ಆದೇಶ ಬಂತು. ಶಂಭುಲಿಂಗನ ಆಡಿಟರು ಗುಡಗೇರಿಯವರು ಅದನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಿದರು: "ಕುದುರಿ ನಿಮ್ಮ ಮನಿಯವ್ರ ಕೈಯಾಗ ರೊಟ್ಟಿ ತಿಂತೈತಿ. ಅವರು ಅದಕ್ಕ ಮಗನ ಅಂತಾರ. ಅದಕ್ಕ ಅದರ ಹುಲ್ಲು, ಹುರುಳಿ, ಲಾಳ, ಔಷಧ ಎಲ್ಲಾ ಮನಿ ಖರ್ಚು, ಧಂದೇದ ಖರ್ಚಲ್ಲ. ಮೂರು ವರ್ಷದ್ದೂ ತೆಗೆದು ಹಾಕ್ಯಾರ. ಅದರ ಮ್ಯಾಲೆ ಟ್ಯಾಕ್ಸು, ಬಡ್ಡಿ."

"ಅಂದ್ರ ಮೂರು ವರ್ಷದ ಹುರುಳಿ ನಾನ ಕುಂತು ತಿಂದಂಗ ಆತಲ್ರಿ?"

"ಲೆಕ್ಕದ ಪ್ರಕಾರ ಹಂಗ."

ಶಂಭುಲಿಂಗ ಆ ರಾತ್ರಿ ಊಟ ಮಾಡಲಿಲ್ಲ. ಆದೇಶದಲ್ಲಿ ಕೇಳಿದ ತೆರಿಗೆ ಕಟ್ಟಬೇಕೆಂದರೆ ಒಂದೋ ಸಾಮಾನು ಸಾಗಿಸುವ ಟೆಂಪೋ ಮಾರಬೇಕು, ಇಲ್ಲವೇ ಸರದಾರನನ್ನು ಮಾರಬೇಕು. ಟೆಂಪೋ ಹೋದರೆ ವ್ಯಾಪಾರ ಹೋಗುತ್ತದೆ. ಸರದಾರ ಹೋದರೆ ದಾಕ್ಷಾಯಿಣಿಯ ಗತಿ ಏನೆಂದು ಯೋಚಿಸುವ ಧೈರ್ಯ ಅವನಿಗೆ ಇರಲಿಲ್ಲ. ಗುಡಗೇರಿಯವರು ಅಪೀಲು ಹಾಕಿದರು. ತೊಂಬತ್ತೊಂಬತ್ತನೆಯ ಇಸವಿಯ ಚಳಿಗಾಲದಲ್ಲಿ ಅದು ವಿಚಾರಣೆಗೆ ಬಂತು.

"ಸರದಾರ ದುಡಿಯೋ ಕುದುರಿ ಅಂತ ತೋರಿಸಿದ್ರ ಸಾಕು," ಎಂದಿದ್ದರು ಗುಡಗೇರಿಯವರು. "ಲಗ್ನದಾಗ ಅದರ ಮ್ಯಾಲೆ ವರ ಕುಂತಿದ್ದು ಒಂದ ನಾಕು ಫೋಟೋ ತರ್ರಿ. ಬರೇ ಫೋಟೋ. ಮತ್ತೇನೂ ತರಬ್ಯಾಡ್ರಿ."

ವಿಚಾರಣೆಯ ದಿನ ಬೆಳಿಗ್ಗೆ ಶಂಭುಲಿಂಗ ಫೋಟೋ ಕೇಳಲು ಪಕ್ಕದ ಮನೆಯ ಗೌಸಮೊದ್ದೀನನ ಸೈಕಲ್ ಅಂಗಡಿಗೆ ಹೋದ. ಗೌಸಮೊದ್ದೀನನ ಮಗನ ಮದುವೆಯ ಮೆರವಣಿಗೆ ಸರದಾರನ ಮೇಲೆಯೇ ಆಗಿತ್ತು. ಬಾಡಿಗೆಯನ್ನು ಮಾತ್ರ ಗೌಸಮೊದ್ದೀನ ಕೊಟ್ಟಿರಲಿಲ್ಲ. ಹಾಗೆ ನೋಡಿದರೆ ಓಣಿಯ ಯಾವ ಲಗ್ನಕ್ಕೂ ಶಂಭುಲಿಂಗನಿಗೆ ಕುದುರೆಯ ಬಾಡಿಗೆ ಬಂದಿರಲಿಲ್ಲ. "ನಾವೇನು ಹೊರಗಿನವ್ರೇನೋ?" ಎಂದು ಯಾರಾದರೂ ಹೆಗಲ ಮೇಲೆ ಕೈ ಹಾಕಿದರೆ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಹೊರಗಿನವರು ಕೊಟ್ಟದ್ದನ್ನಷ್ಟೇ ಪ್ರಾಮಾಣಿಕವಾಗಿ ಲೆಕ್ಕದಲ್ಲಿ ಬರೆಸಿದ್ದ.

"ಫೋಟೋ ಯಾಕ ಶಂಭಣ್ಣಾ?" ಎಂದ ಗೌಸಮೊದ್ದೀನ, ಟ್ಯೂಬಿನ ಪಂಚರು ಹುಡುಕುತ್ತ. ಶಂಭುಲಿಂಗ ವಿಷಯ ಹೇಳಿದ. ಗೌಸಮೊದ್ದೀನ ಟ್ಯೂಬನ್ನು ನೀರಿಗೆ ಬಿಟ್ಟು ಎದ್ದು ನಿಂತ. "ಅರೇ! ಇಷ್ಟು ದೊಡ್ಡ ಸಂಕಟ ಇಟ್ಕೊಂಡು ಬಾಜೂದವ್ರಿಗೆ ಹೇಳೂದಿಲ್ಲೇನು? ಫೋಟೋಕ್ಕ ಬಾಯಿ ಐತೇನು? ನಾನ ಬರ್ತೇನಿ."

"ಬ್ಯಾಡ ಗೌಸಭಾಯಿ, ಆಡಿಟರ್ ಸಾಹೇಬ್ರು ಬರೇ ಫೋಟೋ ಅಂದಾರ..."

ಅಷ್ಟರಲ್ಲಿ ಎದುರಿನ ಖಾನಾವಳಿಯ ದೇವಕ್ಕ ಕೈಯಲ್ಲಿ ಹಿಟ್ಟು ಹತ್ತಿಸಿಕೊಂಡೇ ಹೊರಗೆ ಬಂದಳು. ದೇವಕ್ಕನ ಕಿವಿ ಓಣಿಯ ಟೆಲಿಫೋನ್ ಎಕ್ಸ್‌ಚೇಂಜು ಇದ್ದಂತೆ. "ನನ್ನ ಅಳಿಯಾನೂ ಅದ ಕುದುರಿ ಮ್ಯಾಲೆ ಬಂದಾನ ತಮ್ಮಾ. ನಾನೂ ಬರ್ತೇನಿ. ಆಲ್ಬಮ್ಮೂ ತರ್ತೇನಿ. ಹೆಂಗಸರ ಮಾತು ಸಾಹೇಬ್ರು ಲಗೂ ನಂಬ್ತಾರ."

ಇನ್ನು ಉಳಿದವನು ಸಿದ್ದಪ್ಪ ಕಾಕಾ. ರೈಲ್ವೆಯಲ್ಲಿ ಗಾರ್ಡನಾಗಿ ನಿವೃತ್ತನಾದ ಮೇಲೆ ಓಣಿಯ ಜಗಳಗಳಿಗೆಲ್ಲ ಹಸಿರು ಬಾವುಟ, ಕೆಂಪು ಬಾವುಟ ತೋರಿಸುವವನು ಅವನೇ. ಕೋಟು ಹಾಕಿಕೊಂಡು ಬಂದು ಒಂದೇ ಮಾತಿನಲ್ಲಿ ಎಲ್ಲವನ್ನೂ ತೀರ್ಮಾನಿಸಿದ:

"ಯಾವುದರ ಸಲುವಾಗಿ ಜಗಳ? ಕುದುರಿ ಸಲುವಾಗಿ. ಅಂದಮ್ಯಾಲೆ ಕುದುರೀನ ಮನ್ಯಾಗ ಬಿಟ್ಟು ಹೋದ್ರ ಹೆಂಗ? ಲೇ ಶಂಭು, ಸರದಾರಗ ಜೂಲು ಹಾಕು. ಲಗ್ನದ ಜೂಲು."

"ಕಾಕಾ, ಅದು ಸರ್ಕಾರಿ ಆಫೀಸು..."

"ನಾ ಸರ್ಕಾರದಾಗ ಮೂವತ್ತು ವರ್ಷ ಇದ್ದಾಂವ. ನನಗ ಹೇಳ್ತಿಯೇನು?"

ಶಂಭುಲಿಂಗ ಹೆಂಡತಿಯ ಕಡೆಗೆ ನೋಡಿದ. ದಾಕ್ಷಾಯಿಣಿ ಆಗಲೇ ಕಣ್ಣೊರೆಸಿಕೊಳ್ಳುತ್ತ ಸರದಾರನ ಹಣೆಗೆ ಕುಂಕುಮ ಹಚ್ಚುತ್ತಿದ್ದಳು. "ಗೆದ್ದು ಬಾರಪಾ," ಎಂದಳು. ಹೇಳಿದ್ದು ಕುದುರೆಗೆ.

ಹೀಗಾಗಿ ಅಪೀಲಿನ ಮೆರವಣಿಗೆ ಹೊರಟಿತು. ಮುಂದೆ, ಬೆನ್ನಿಗೆ ಜರಿಯ ಜೂಲು ಹೊದ್ದು, ತಲೆಗೆ ತುರಾಯಿ ತೊಟ್ಟ ಸರದಾರ; ಅದರ ಲಗಾಮು ಹಿಡಿದ ಗೌಸಮೊದ್ದೀನ; ಆಲ್ಬಮ್ ಎದೆಗವಚಿಕೊಂಡ ದೇವಕ್ಕ; ಕೋಟಿನ ಕಾಕಾ; ಎಲ್ಲರ ಹಿಂದೆ ತಲೆ ತಗ್ಗಿಸಿದ ಶಂಭುಲಿಂಗ. ಕೊಪ್ಪೀಕರ ರಸ್ತೆಯಲ್ಲಿ ಅಂಗಡಿಯವರೆಲ್ಲ ಹೊರಗೆ ಬಂದು, "ಯಾರ ಲಗ್ನಾರಿ? ವರ ಎಲ್ಲಿ?" ಎಂದು ಕೇಳಿದರು. ದೇವಕ್ಕ ಶಂಭುಲಿಂಗನನ್ನು ತೋರಿಸಿದಳು. ಒಬ್ಬ ಪರಿಚಯದ ಬಟ್ಟೆ ವ್ಯಾಪಾರಿ, "ಈ ವಯಸ್ಸಿನ್ಯಾಗ?" ಎಂದು ಬೆರಗಾದ. ಶಂಭುಲಿಂಗನಿಗೆ ಅಲ್ಲಿಯೇ ಗಟಾರಕ್ಕೆ ಇಳಿದುಬಿಡಬೇಕು ಅನಿಸಿತು.

ಕಚೇರಿಯ ಗೇಟಿನಲ್ಲಿ ಕಾವಲುಗಾರ ತಡೆದ. "ಕುದುರಿ ಒಳಗ ಬಿಡಂಗಿಲ್ರಿ."

"ಇದು ಕುದುರಿ ಅಲ್ಲ, ಸಾಕ್ಷಿ," ಎಂದ ಕಾಕಾ.

ಆಗ ಸ್ಕೂಟರಿನ ಮೇಲೆ ಬಂದ ಗುಡಗೇರಿಯವರು ಈ ದೃಶ್ಯ ನೋಡಿ ಸ್ಕೂಟರಿಗೆ ಸ್ಟ್ಯಾಂಡು ಹಾಕುವುದನ್ನೇ ಮರೆತರು. ಸ್ಕೂಟರು ಒಂದು ಕಡೆ ಬಿತ್ತು, ಫೈಲು ಒಂದು ಕಡೆ. "ನಾ ಏನು ಹೇಳಿದ್ದೆ ಶಂಭುಲಿಂಗಪ್ಪಾ? ಏನು ಹೇಳಿದ್ದೆ?" ಎಂದರು ಅಳುವ ದನಿಯಲ್ಲಿ. ಕೊನೆಗೆ ಸರದಾರನನ್ನು ಗೇಟಿನ ಹೊರಗಿನ ಗುಲ್‌ಮೊಹರ್ ಗಿಡಕ್ಕೆ ಕಟ್ಟಿ ಎಲ್ಲರೂ ಒಳಗೆ ಹೋದರು.

ಅಪೀಲು ಕೇಳುವ ಆಯುಕ್ತರು ಮೈಸೂರು ಕಡೆಯವರು. ತೆಳ್ಳಗೆ, ಬೆಳ್ಳಗೆ, ಮೆತ್ತಗೆ ಮಾತಾಡುವವರು. ಎಲ್ಲರಿಗೂ ಕುರ್ಚಿ ಕೊಡಿಸಿದರು, ದೇವಕ್ಕನಿಗೆ ಕುಡಿಯಲು ನೀರು ತರಿಸಿದರು. ಇಷ್ಟು ಒಳ್ಳೆಯ ಮನುಷ್ಯನ ಮುಂದೆ ಸೋಲುವುದಾದರೂ ಹೇಗೆ ಎಂದು ಶಂಭುಲಿಂಗನಿಗೆ ಮೊದಲ ಸಲ ಎದೆ ಹಗುರಾಯಿತು.

ಗುಡಗೇರಿಯವರು ವಾದ ಶುರು ಮಾಡಿದ್ದರು. ಅಷ್ಟರಲ್ಲಿ ರಸ್ತೆಯಾಚೆ ಹೊಸ ಮಿಠಾಯಿ ಅಂಗಡಿಯೊಂದರ ಉದ್ಘಾಟನೆಗೆ ತರಿಸಿದ್ದ ಬ್ಯಾಂಡು ಬಾರಿಸತೊಡಗಿತು. ಸರದಾರನಿಗೆ ಬ್ಯಾಂಡು ಕೇಳಿದರೆ ಕಾಲು ನಿಲ್ಲುವುದಿಲ್ಲ. ಕಟ್ಟಿದಲ್ಲಿಯೇ ಕುಣಿಯತೊಡಗಿದ. ಮುಂಗಾಲು ಎತ್ತಿದ, ಕತ್ತು ಬಾಗಿಸಿದ, ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ. ಗುಮಾಸ್ತರೆಲ್ಲ ಕಿಟಕಿಗೆ ಓಡಿದರು. ಗಿಡದ ಕೊಂಬೆಯೊಂದು ಮುರಿದು ಯಾರದೋ ಮೋಟರ್ ಸೈಕಲ್ ಮೇಲೆ ಬಿತ್ತು. ಆಯುಕ್ತರೂ ಎದ್ದು ಕಿಟಕಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿದರು.

"ಚೆನ್ನಾಗಿ ಕುಣಿಯುತ್ತೆ," ಎಂದರು ಆಯುಕ್ತರು ತಿರುಗಿ ಬಂದು ಕುಳಿತು. "ಸುಮ್ಮನೆ ಸಾಕಿಕೊಂಡ ಪ್ರಾಣಿಗೆ ಈ ವಿದ್ಯೆ ಬರೋದಿಲ್ಲ. ಮದುವೆಗಳಿಗೆ ಹೋಗಿ ಅಭ್ಯಾಸ ಇದೆ. ಇವರೆಲ್ಲ ಯಾರು?"

"ಕುದುರಿ ಬಾಡಿಗಿ ತಗೊಂಡವ್ರು ಸರ್," ಎಂದರು ಗುಡಗೇರಿಯವರು. ಸರದಾರನ ಕುಣಿತ ಅವರಿಗೂ ಧೈರ್ಯ ತಂದಿತ್ತು. "ತಾವು ಬೇಕಂದ್ರ ಕೇಳಬಹುದು."

ಆಯುಕ್ತರು ಬರೆದುಕೊಳ್ಳಲು ಸ್ಟೆನೋಗೆ ಹೇಳಿ ಗೌಸಮೊದ್ದೀನನ ಕಡೆಗೆ ತಿರುಗಿದರು. "ನಿಮ್ಮ ಮಗನ ಮದುವೆಗೆ ಈ ಕುದುರೆ ಬಂದಿತ್ತಾ?"

"ಖರೇ ಸಾಹೇಬ್ರ. ಇದ ಕುದುರಿ."

"ಬಾಡಿಗೆ ಕೊಟ್ಟಿದ್ದೀರಾ?"

ಗೌಸಮೊದ್ದೀನ ಸಾಹೇಬರನ್ನು ನೋಡಿದ, ಸ್ಟೆನೋಳನ್ನು ನೋಡಿದ, ಓರೆಗಣ್ಣಿನಿಂದ ದೇವಕ್ಕನನ್ನು ನೋಡಿದ. ಅಷ್ಟು ಮಂದಿಯ ಮುಂದೆ, ಅದೂ ದೇವಕ್ಕನ ಮುಂದೆ, ಮಗನ ಮದುವೆಯನ್ನು ಪುಕ್ಕಟೆ ಕುದುರೆಯ ಮೇಲೆ ಮಾಡಿದೆ ಎನ್ನುವುದು ಹೇಗೆ?

"ಹಿಂಗ್ಯಾಕ ಕೇಳ್ತೀರಿ ಸಾಹೇಬ್ರ? ಪುಕ್ಕಟ ಹತ್ತೋ ಮಂದಿ ಕಂಡಂಗ ಕಾಣ್ತೇವೇನು? ಎರಡು ಸಾವಿರ ಎಣಿಸಿ ಕೊಟ್ಟೇನಿ!"

ಶಂಭುಲಿಂಗನ ಕಣ್ಣು ತುಂಬಿ ಬಂತು. ತನಗಾಗಿ ಈ ಮನುಷ್ಯ ಸರ್ಕಾರದ ಮುಂದೆ ಸುಳ್ಳು ಹೇಳುತ್ತಿದ್ದಾನೆ!

ದೇವಕ್ಕ ಸೆರಗು ಸರಿಪಡಿಸಿಕೊಂಡಳು. ಸೈಕಲ್ ಅಂಗಡಿಯವನು ಎರಡು ಸಾವಿರ ಕೊಟ್ಟ ಮೇಲೆ ಹತ್ತಾರು ಮಂದಿಗೆ ಅನ್ನ ಹಾಕುವವಳು ಕಡಿಮೆ ಕೊಡುವುದುಂಟೇ? "ನಂದು ಮೂರು ಸಾವಿರ ಬರಕೋರಿ. ಮ್ಯಾಲೆ ಟಾವೆಲ್ಲು, ಕಾಯಿ. ಒಬ್ಬಾಕಿನ ಮಗಳ ಲಗ್ನ, ಕೈ ಹಿಡೀಲಿಲ್ಲ ನಾನು."

ಸಿದ್ದಪ್ಪ ಕಾಕಾ ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತ. "ನನ್ನ ಮೊಮ್ಮಗನ ಲಗ್ನಕ್ಕ ಐದು!"

ಎಪಿಎಂಸಿಯ ಹರಾಜಿನಲ್ಲಿ ಹತ್ತಿಯ ಸವಾಲು ಏರಿದಂತೆ ಏರಿತ್ತು ಬಾಡಿಗೆ. ಗುಡಗೇರಿಯವರ ಮುಖದ ಬಣ್ಣ ಮಾತ್ರ ಅಷ್ಟೇ ವೇಗದಲ್ಲಿ ಇಳಿಯುತ್ತಿತ್ತು. ಕಾಕಾನ ಕೋಟು ಹಿಡಿದು ಜಗ್ಗಿದರು. ಕಾಕಾ ಕೈ ಕೊಡವಿದ.

"ವರ್ಷಕ್ಕೆ ಇಂಥ ಮದುವೆಗಳು ಎಷ್ಟು ಆಗುತ್ತೆ ಯಜಮಾನರೇ?" ಎಂದು ಆಯುಕ್ತರು ಮೃದುವಾಗಿ ಕೇಳಿದರು.

"ನಮ್ಮ ಓಣಿ ಸಣ್ಣದೇನ್ರಿ? ಇಪ್ಪತ್ತಕ್ಕ ಕಡಿಮಿ ಇಲ್ಲ. ಸರದಾರ ಇಲ್ಲದ ಒಂದ ಲಗ್ನ ತೋರಿಸ್ರಿ, ಈ ಮೀಸಿ ಬೋಳಿಸ್ತೇನಿ!"

ಆಯುಕ್ತರು ಬರೆದರು. ಪೆನ್ನು ಕೆಳಗಿಟ್ಟರು. "ಕುದುರೆ ವ್ಯಾಪಾರದ್ದೇ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಹೆಂಡತಿ ರೊಟ್ಟಿ ತಿನ್ನಿಸಿದ ಮಾತ್ರಕ್ಕೆ ಅದು ಮನೆ ಖರ್ಚಾಗೋದಿಲ್ಲ. ಹುಲ್ಲು, ಹುರುಳಿ, ಲಾಳ, ಔಷಧ, ಎಲ್ಲಾ ಒಪ್ಪಿದ್ದೇನೆ."

"ಗೆದ್ವಿ!" ಎಂದು ಗೌಸಮೊದ್ದೀನ ಕುರ್ಚಿಯಿಂದ ಹಾರಿದ. "ಮನ್ಯಾಗ ನಮ್ಮ ತಂಗಿ ದಾಕ್ಷಾಯಿಣಿ ದಾರಿ ಕಾಯಾಕತ್ತಾಳ, ಫೋನ್ ಮಾಡಿ ಬರ್ತೇನಿ," ಎಂದು ಹೊರಗೆ ಓಡಿದ. ಶಂಭುಲಿಂಗ ಎದ್ದು ಸಾಹೇಬರಿಗೆ ಎರಡೂ ಕೈ ಎತ್ತಿ ಮುಗಿದ. ಮುಗಿದ ಕೈ ಇಳಿಸುವ ಮೊದಲು ಆಯುಕ್ತರು ಅಂದರು:

"ಕೂತ್ಕೊಳ್ಳಿ. ಈಗ ಇನ್ನೊಂದು ವಿಷಯ. ನಿಮ್ಮ ಲೆಕ್ಕದಲ್ಲಿ ಕುದುರೆಯ ಬಾಡಿಗೆ ಅಂತ ತೋರಿಸಿರೋದು ಬಹಳ ಕಡಿಮೆ. ಈ ಮೂರು ಜನರ ಹೆಸರೇ ಇಲ್ಲ. ಓಣಿಯ ಇಪ್ಪತ್ತು ಮದುವೆಯದೂ ಇಲ್ಲ. ಆ ಹಣ ಎಲ್ಲಿ?"

ಶಂಭುಲಿಂಗ ಕುಳಿತ.

"ಆ ಹಣ... ಆ ಹಣ ಇಲ್ರಿ ಸಾಹೇಬ್ರ. ಇವರು ಯಾರೂ ಒಂದು ಪೈಸಾ ಕೊಟ್ಟಿಲ್ರಿ! ದೇವರಾಣಿ ಕೊಟ್ಟಿಲ್ರಿ!"

ಸಿದ್ದಪ್ಪ ಕಾಕಾನ ಮೀಸೆ ನಡುಗಿತು. "ಏನಂದಿ? ನಿನ್ನ ಸಲುವಾಗಿ ಮುಂಜಾನಿಂದ ಉಪವಾಸ ನಡಕೊಂಡು ಬಂದ್ರ, ದೊಡ್ಡ ಮಂದಿ ಮುಂದ ನನ್ನನ್ನ ಪುಕ್ಕಟ ಗಿರಾಕಿ ಮಾಡ್ತಿಯೇನೋ?"

ದೇವಕ್ಕ ಆಲ್ಬಮ್ಮಿನಿಂದ ಹಣೆ ಬಡಿದುಕೊಂಡಳು. "ಎಂಥಾ ಕಾಲ ಬಂತು! ರಸೀದಿ ಕೇಳಿದ್ದೆರಿ ಸಾಹೇಬ್ರ ನಾನು. ಇಂವ ಕೊಡಲಿಲ್ಲ!"

ಗುಡಗೇರಿಯವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಸ್ಟೆನೋ ಟಕಟಕನೆ ಬರೆದುಕೊಂಡಳು.

ಆಯುಕ್ತರ ದನಿ ಇನ್ನೂ ಮೆತ್ತಗಾಯಿತು. "ನೋಡಿ, ಇವರನ್ನ ನಾನು ಕರೆಸಲಿಲ್ಲ, ನೀವೇ ಕರೆತಂದಿರಿ. ವಯಸ್ಸಾದವರು, ಮರ್ಯಾದಸ್ಥರು. ಕೊಟ್ಟಿದ್ದೇವೆ ಅಂತಾರೆ. ಸುಳ್ಳು ಹೇಳಿ ಇವರಿಗೇನು ಲಾಭ? ಕೊಟ್ಟಿಲ್ಲ ಅಂತ ಹೇಳಿದ್ರೆ ಲಾಭ ಇರೋದು ನಿಮಗೆ. ಇನ್ನು ನೀವು ಹೇಳೋದೇ ನಿಜ ಅಂತ ಇಟ್ಕೊಳ್ಳೋಣ. ಎಲ್ಲರಿಗೂ ಪುಕ್ಕಟೆ ಕೊಡೋ ಕುದುರೆ ವ್ಯಾಪಾರದ್ದು ಹೇಗಾಗುತ್ತೆ? ಆಗ ಹುರುಳಿ ಖರ್ಚೂ ಹೋಗುತ್ತೆ."

ಹೌದೆಂದರೆ ಬಾಡಿಗೆಯ ಮೇಲೆ ತೆರಿಗೆ, ಅಲ್ಲವೆಂದರೆ ಹುರುಳಿಯ ಮೇಲೆ ತೆರಿಗೆ. ಹುರುಳಿಯ ತೆರಿಗೆಯೇ ಸೋವಿ, ಅದೇ ಕಡಿಮೆ ಬೀಳುತ್ತದೆ ಎಂದು ಲೆಕ್ಕ ಹಾಕಿ ಶಂಭುಲಿಂಗ, "ಹಂಗಾದ್ರ ಹುರುಳೀನ ಹೋಗಲಿ ಬಿಡ್ರಿ. ಅಪೀಲು ವಾಪಸ್ ತಗೋತೇನಿ," ಎಂದ.

"ಒಮ್ಮೆ ನನ್ನ ಮುಂದೆ ಬಂದ ಮೇಲೆ ಹಾಗೆ ವಾಪಸ್ ತಗೊಳ್ಳೋಕೆ ಬರೋದಿಲ್ಲ. ಈ ಬಾಡಿಗೆಯನ್ನ ನಿಮ್ಮ ಆದಾಯಕ್ಕೆ ಸೇರಿಸೋ ಮುಂಚೆ ನಿಮಗೆ ನೋಟಿಸ್ ಕೊಡ್ತೀನಿ. ಉತ್ತರ ಕೊಡೋಕೆ ಅವಕಾಶ ಇದೆ," ಎಂದು ಆಯುಕ್ತರು ನಮಸ್ಕಾರ ಮಾಡಿದರು. ಎದ್ದು ಹೊರಟ ದೇವಕ್ಕನಿಗೆ, "ಮೆಟ್ಟಿಲು ನೋಡಿಕೊಂಡು ಇಳೀರಿ ಅಮ್ಮಾ," ಎಂದರು.

ಹೊರಗೆ ಬಂದಾಗ ಬ್ಯಾಂಡು ನಿಂತಿತ್ತು. ಸರದಾರ ಕಚೇರಿಯ ಬೇಲಿಯನ್ನು ಅರ್ಧ ಮೇಯ್ದು ಮುಗಿಸಿದ್ದ. ಅದಕ್ಕೂ ಕಾವಲುಗಾರ ದಂಡ ಕೇಳಿದ. ಶಂಭುಲಿಂಗ ಅದನ್ನೂ ಕೊಟ್ಟ.

"ಮೊದಲಿದ್ದ ಟ್ಯಾಕ್ಸು ಈಗಿನದರ ಮುಂದ ಏನೂ ಅಲ್ಲ," ಎಂದರು ಗುಡಗೇರಿಯವರು, ಬಗ್ಗಿ ಸ್ಕೂಟರು ಎತ್ತುತ್ತ. "ಒಂದ ದಾರಿ ಐತಿ. ಈ ಮೂವರೂ 'ನಾವು ರೊಕ್ಕ ಕೊಟ್ಟಿಲ್ಲ' ಅಂತ ಬರೆದು ಸಹಿ ಮಾಡಿ ಕೊಟ್ರ ಏನರ ಮಾಡಬಹುದು."

ಶಂಭುಲಿಂಗ ಆಸೆಯಿಂದ ತಿರುಗಿ ನೋಡಿದ. ಫೋನು ಮಾಡಿ ಬಂದಿದ್ದ ಗೌಸಮೊದ್ದೀನ ನೆಲ ನೋಡಿದ. ದೇವಕ್ಕ ಆಕಾಶ ನೋಡಿದಳು. ಕಾಕಾ ಶಂಭುಲಿಂಗನನ್ನೇ ನೋಡುತ್ತ ಅಂದ:

"ಬರೆದು ಕೊಡೂದು? ನಾಳೆ ಅದು ನಮ್ಮ ಬೀಗರ ಕೈಗೆ ಸಿಕ್ರ? ಅಲ್ಲೋ, ಹುರುಳಿ ಬಿಡಿಸಿಕೊಡಾಕ ಬಂದ್ವಿ, ಹುರುಳಿ ಬಿಡಿಸಿ ಕೊಟ್ವಿ. ಮುಂದಿಂದು ನಿಂದು ನೀ ನೋಡ್ಕೊ. ಸಿಟ್ಟೇನೂ ಇಲ್ಲ ನಮಗ. ನಡಿ, ಚಹಾ ಕುಡಸು."

ಚಹಾ ಕುಡಿಸಿ, ಜೊತೆಗೆ ಮಿರ್ಚಿ ಭಜಿಯನ್ನೂ ತಿನ್ನಿಸಿ, ಶಂಭುಲಿಂಗ ಅವರನ್ನು ಆಟೋ ಹತ್ತಿಸಿದ. ತಾನು ಸರದಾರನ ಲಗಾಮು ಹಿಡಿದು ನಡೆದು ಹೊರಟ. ದಾರಿಯುದ್ದಕ್ಕೂ ದಾಕ್ಷಾಯಿಣಿಗೆ ಹೇಗೆ ಹೇಳುವುದೆಂದು ಯೋಚಿಸಿದ. ಟೆಂಪೋ ಮಾರಿದರೂ ಸಾಲದು. ಟೆಂಪೋ, ಸರದಾರ ಎರಡೂ ಹೋಗಬೇಕು. ದುರ್ಗದಬೈಲಿನಲ್ಲಿ ಒಂದು ಕಡೆ ನಿಂತು ಕುದುರೆಯ ಕುತ್ತಿಗೆಗೆ ಹಣೆ ಆನಿಸಿ ಸ್ವಲ್ಪ ಅತ್ತ. ಯಾರೋ, "ಹೆಣ್ಣಿನ ಕಡೆಯವ್ರು ಬ್ಯಾಡ ಅಂದ್ರಂತ ಕಾಣತೈತಿ," ಎಂದು ಮರುಗಿದರು.

ಓಣಿಯ ತಿರುವಿಗೆ ಬಂದಾಗ ಸಂಜೆಯಾಗಿತ್ತು. ಮನೆಯ ಮುಂದೆ ಜನ ನೆರೆದಿದ್ದರು. ಆಟೋದಲ್ಲಿ ಮೊದಲೇ ಬಂದು ಮುಟ್ಟಿದ ಕಾಕಾ, ಗೌಸಮೊದ್ದೀನ, ದೇವಕ್ಕ ಕಟ್ಟೆಯ ಮೇಲೆ ಪೇಢೆ ತಿನ್ನುತ್ತಿದ್ದರು. ಕಟ್ಟೆಯ ಪಕ್ಕದಲ್ಲಿ, ಸರದಾರನ ಗೂಟದ ಆಚೆ, ಹೊಸದಾಗಿ ಬಡಿದ ಇನ್ನೊಂದು ಗೂಟ. ಅದಕ್ಕೆ ಕಟ್ಟಿದ ಕಂದು ಬಣ್ಣದ ಒಂದು ಹೆಣ್ಣು ಕುದುರೆ ಶಂಭುಲಿಂಗನನ್ನು ನೋಡಿ ಮೂಗರಳಿಸಿತು.

ದಾಕ್ಷಾಯಿಣಿ ಆರತಿ ತಟ್ಟೆ ಹಿಡಿದು ಓಡಿ ಬಂದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತ್ತು. ಕೈ ಮಾತ್ರ ಬೋಳಾಗಿತ್ತು.

"ಕುದುರಿ ಖರ್ಚೆಲ್ಲಾ ಸರ್ಕಾರ ಒಪ್ಪಿಕೊಂಡ್ತು ಅಂತ ಗೌಸಣ್ಣ ಫೋನ್ ಮಾಡಿದ್ದನ್ನ ಕೇಳಿ, ನಮ್ಮ ಓಣಿ ಎಸ್‌ಟಿಡಿ ಬೂತಿನ ಖಾದರಬಾಷಾ ಓಡಿ ಬಂದು ಹೇಳಿದ್ನರಿ. ಧಾರವಾಡದಾಗ ಅವನ ಮಾವನ ಟಾಂಗಾ ನಿಂತು ಹೋಗೇತಂತ. ಇದು ಪಾಪ ಸುಮ್ಮನ ನಿಂತಿತ್ತಂತರಿ. ಇವತ್ತ ತಗೊಳ್ಳಲಿಲ್ಲ ಅಂದ್ರ ಬೆಳಗಾವಿಯವ್ರು ಒಯ್ತಾರ ಅಂದ. ನನ್ನ ಕೈಯಾಗಿನ ಬಂಗಾರದ ಪಾಟ್ಲಿ ಕೊಟ್ಟು ತರಿಸಿಬಿಟ್ಟೆ. ಒಂದಕ್ಕ ಹುರುಳಿ ಮಾಫ್ ಆದ್ರ ಎರಡಕ್ಕೂ ಆದಂಗ ಅಲ್ಲೇನ್ರಿ?"

ಶಂಭುಲಿಂಗ ಹೊಸ ಗೂಟ ನೋಡಿದ, ಹೆಂಡತಿಯ ಬೋಳು ಕೈ ನೋಡಿದ. ಸರದಾರನ ಲಗಾಮು ಹಿಡಿದೇ ಕಟ್ಟೆಯ ತುದಿಗೆ ಕುಳಿತ. ಸಿದ್ದಪ್ಪ ಕಾಕಾ ಅವನ ಬಾಯಿಗೆ ಒಂದು ಪೇಢೆ ತುರುಕಿ, ಹೊಸ ಕುದುರೆಯ ಬೆನ್ನನ್ನು ಒಮ್ಮೆ ಸವರಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದ.

"ಭಾಳ ಛಲೋ ಕೆಲಸ ಮಾಡಿದಿ ತಂಗಿ. ಇನ್ನ ಮ್ಯಾಲೆ ಓಣ್ಯಾಗ ಒಂದ ದಿನ ಎರಡು ಲಗ್ನ ಬಂದ್ರೂ ಚಿಂತಿ ಇಲ್ಲ."